ಸಹಾಯ ಬೇಕು: ಅಮ್ಮನಿಗೆ ಓದಿ ಹೇಳುತ್ತಿರುವ ಕಾದಂಬರಿಗೆ ಕನ್ನಡ ಪದಗಳು

ಎಲ್ಲರಿಗೂ ನಮಸ್ಕಾರ. ನಮ್ಮಮ್ಮ 30 ವರ್ಷ ನರ್ಸ್ ಆಗಿದ್ದವರು. ಈಗ ಕಣ್ಣು ಮಂಜು. ದಿನಾ ರಾತ್ರಿ ಊಟ ಆದಮೇಲೆ ಚಾರ್ಲ್ಸ್ ಟಾಡ್ ಅವರ 'ಎ ಡ್ಯೂಟಿ ಟು ದಿ ಡೆಡ್' ಕಾದಂಬರಿಯನ್ನು ಕನ್ನಡದಲ್ಲಿ ಅವರಿಗೆ ಓದಿ ಹೇಳುತ್ತಿದ್ದೇನೆ. ಮೊದಲ ಮಹಾಯುದ್ಧದ ಕಾಲದ ಕಥೆ. ಬೆಸ್ ಕ್ರಾಫರ್ಡ್ ಅನ್ನುವ ನರ್ಸ್, ಸಾಯುತ್ತಿದ್ದ ಸೈನಿಕನೊಬ್ಬ ತಮ್ಮನಿಗೆ ತಲುಪಿಸು ಎಂದು ಹೇಳಿದ ಮಾತನ್ನು ಹೊತ್ತು ಇಂಗ್ಲೆಂಡಿನ ಕೆಂಟ್‌ಗೆ ಹೋಗುತ್ತಾಳೆ. ಅಲ್ಲಿ ಹಳೇ ಕೊಲೆಯೊಂದು ಎದುರಾಗುತ್ತದೆ.

ಶುರುವಿನಲ್ಲೇ ಬ್ರಿಟಾನಿಕ್ ಅನ್ನುವ ಆಸ್ಪತ್ರೆ ಹಡಗು ಮುಳುಗುತ್ತದೆ. ಅದು ನಿಜವಾಗಿ ನಡೆದದ್ದು. 1916ರ ನವೆಂಬರ್ 21ರಂದು, ಗ್ರೀಸಿನ ಕೀಯಾ ದ್ವೀಪದ ಹತ್ತಿರ. ಒಂದು ಗಂಟೆಯೊಳಗೆ ಮುಳುಗಿತು, 30 ಜನ ತೀರಿಕೊಂಡರು. ಅದನ್ನು ಕೇಳಿ ಅಮ್ಮ, "ಗಾಯಾಳುಗಳು ಒಳಗಿದ್ರಾ?" ಎಂದು ಎದ್ದು ಕೂತರು. ಇರಲಿಲ್ಲ, ಕರೆದುಕೊಂಡು ಬರಲು ಹೊರಟಿತ್ತು ಎಂದ ಮೇಲೇ ಸಮಾಧಾನ.

ನನ್ನ ತೊಂದರೆ ಪದಗಳದ್ದು. 'ಶೆಲ್ ಶಾಕ್'ಗೆ, ಅಂದರೆ ಯುದ್ಧದ ಭೀಕರತೆಯಿಂದ ಸೈನಿಕರ ಮನಸ್ಸಿಗೆ ಆಗುತ್ತಿದ್ದ ಪೆಟ್ಟಿಗೆ, ಏನು ಹೇಳಲಿ? ಸುಮ್ನೆ 'ಆಘಾತ' ಅಂದರೆ ಸಾಲದು, ಅಲ್ವಾ? ಮುಂಚೂಣಿಯ ಹಿಂದೆ ಗಾಯಾಳುಗಳನ್ನು ವಿಂಗಡಿಸುವ ಡೇರೆ ಆಸ್ಪತ್ರೆಗೆ ಒಂದು ಹೆಸರು ಬೇಕು. 1918ರಲ್ಲಿ ಹೈಫಾದಲ್ಲಿ (ಈಗಿನ ಇಸ್ರೇಲ್) ಹೋರಾಡಿದ, ಮೈಸೂರು ಸಂಸ್ಥಾನದ ಕುದುರೆ ಪಡೆಯಾದ ಮೈಸೂರು ಲ್ಯಾನ್ಸರ್ಸ್‌ನವರ ಮನೆಗಳಲ್ಲಿ ಇಂಥ ಮಾತು ಉಳಿದಿರಬಹುದು. ನಿಮ್ಮ ಅಜ್ಜ, ಮುತ್ತಜ್ಜ ಬಳಸುತ್ತಿದ್ದ ಪದ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಮಿಲಿಟರಿ ನರ್ಸಿಂಗ್‌ನಲ್ಲಿದ್ದವರು ಹೇಳಿದರೆ ಇನ್ನೂ ಒಳ್ಳೆಯದು. ಅಮ್ಮ ಮುಂದಿನ ಅಧ್ಯಾಯಕ್ಕೆ ಕಾಯುತ್ತಿದ್ದಾರೆ.