ಅಪ್ಪನಿಗೆ ಕರುಳಿನ ಕ್ಯಾನ್ಸರ್ ಆಗಿತ್ತು, ನಾನು 45ರವರೆಗೆ ಕಾಯಬಹುದಾ?

ಪ್ರಶ್ನೆ (ಜಗಳೂರಿನಿಂದ): ನಮಸ್ತೆ ಡಾಕ್ಟ್ರೇ. ನಮ್ಮ ಅಪ್ಪಾಜಿಗೆ 48ನೇ ವಯಸ್ಸಿನಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಬಂತು. ಆಪರೇಷನ್ ಆಗಿ ಈಗ ಆರಾಮಾಗಿದ್ದಾರೆ. ನನಗೆ 39. ಗ್ಯಾಸ್, ಹೊಟ್ಟೆ ಉಬ್ಬರ ಮೊದಲಿಂದಲೂ ಇದೆ. ಈಚೆಗೆ ಆಗಾಗ ಮಲದಲ್ಲಿ ರಕ್ತ ಕಾಣ್ತಿದೆ. ಪೈಲ್ಸ್ ಇರಬೇಕು ಅಂತ ಮೆಡಿಕಲ್ ಶಾಪಿನಲ್ಲಿ ಮುಲಾಮು ಕೊಟ್ಟರು. ಕೊಲೊನೋಸ್ಕೋಪಿ (ಗುದದ್ವಾರದಿಂದ ಕ್ಯಾಮೆರಾ ಕೊಳವೆ ಹಾಕಿ ದೊಡ್ಡ ಕರುಳು ನೋಡೋ ಪರೀಕ್ಷೆ) 45 ದಾಟಿದ ಮೇಲೆ ಸಾಕು ಅಂತ ಓದಿದ್ದೆ. ಕಾಯಬಹುದಾ?

ಉತ್ತರ (ಜೀರ್ಣಾಂಗ ರೋಗ ತಜ್ಞ, ದಾವಣಗೆರೆ): ದಯವಿಟ್ಟು ಕಾಯಬೇಡಿ. ನೀವು ಓದಿದ 45 ಅಮೆರಿಕದ ತಜ್ಞರ ಸಮಿತಿ 2021ರಲ್ಲಿ ಹೇಳಿದ ವಯಸ್ಸು. ಮನೆಯಲ್ಲಿ ಯಾರಿಗೂ ಈ ಕಾಯಿಲೆ ಇಲ್ಲದ, ಯಾವ ತೊಂದರೆಯೂ ಕಾಣದವರಿಗೆ ಅದು. ತಂದೆ, ತಾಯಿ, ಒಡಹುಟ್ಟಿದವರಲ್ಲಿ ಒಬ್ಬರಿಗೆ ಬಂದಿದ್ದರೆ ಲೆಕ್ಕವೇ ಬೇರೆ: ಒಂದೋ 40ಕ್ಕೆ, ಇಲ್ಲವೇ ಅವರಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮುಂಚೆ, ಯಾವುದು ಮೊದಲೋ ಅದು. ನಿಮಗೆ ಅದು 38. ಅಂದರೆ ಆ ಹೊತ್ತು ಆಗಲೇ ದಾಟಿದೆ. ಮೇಲಾಗಿ ರಕ್ತ ಕಾಣ್ತಿದೆ. ಪೈಲ್ಸೇ ಇರಬಹುದು, ಹೆಚ್ಚಿನವರಿಗೆ ಅದೇ ಇರುತ್ತೆ. ಆದರೆ ಒಳಗೆ ನೋಡದೆ ಹಾಗಂತ ಹೇಳೋಕೆ ಆಗಲ್ಲ. ಪೈಲ್ಸ್ ಇದ್ದವರಿಗೆ ಮೇಲ್ಗಡೆ ಗಡ್ಡೆ ಇರಬಾರದು ಅಂತೇನೂ ಇಲ್ಲ.

ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. ದೊಡ್ಡ ಕರುಳಿನ ಕ್ಯಾನ್ಸರ್ ಸಾಮಾನ್ಯವಾಗಿ ಪಾಲಿಪ್ ಅನ್ನೋ ಸಣ್ಣ ಗಂಟಿನಿಂದ ಶುರುವಾಗುತ್ತೆ. ಕೆಲವು ಪಾಲಿಪ್ ಅಣಬೆ ಹಾಗೆ ತೊಟ್ಟಿನ ಮೇಲೆ ನಿಂತಿರುತ್ತವೆ, ಕೆಲವು ಗೋಡೆಗೆ ಚಪ್ಪಟೆಯಾಗಿ ಅಂಟಿಕೊಂಡಿರುತ್ತವೆ. ಅದು ಕ್ಯಾನ್ಸರ್ ಆಗೋಕೆ ಸುಮಾರು ಹತ್ತು ವರ್ಷ ಬೇಕು. ಕೊಲೊನೋಸ್ಕೋಪಿ ಮಾಡುವಾಗಲೇ ತಂತಿಯ ಕುಣಿಕೆ ಹಾಕಿ ಅದನ್ನ ಕತ್ತರಿಸಿ ತೆಗೀತೀವಿ. ಹೀಗೆ ತೆಗೆಸಿಕೊಂಡವರಲ್ಲಿ ಕ್ಯಾನ್ಸರ್ ನಿರೀಕ್ಷೆಗಿಂತ ಶೇ. 76ರಿಂದ 90ರಷ್ಟು ಕಡಿಮೆ ಕಂಡಿತು ಅಂತ ಅಮೆರಿಕದ ನ್ಯಾಷನಲ್ ಪಾಲಿಪ್ ಸ್ಟಡಿ 1993ರಲ್ಲಿ ತೋರಿಸಿತು. ಬರೋ ಮುಂಚೆಯೇ ತಡೆಯಬಹುದಾದ ಕ್ಯಾನ್ಸರ್ ಇದು. ತಡವಾಗಿ ಬಂದವರನ್ನ ನೋಡಿದಾಗಲೆಲ್ಲ ಸಂಕಟ ಆಗುತ್ತೆ.

ನಮ್ಮಲ್ಲಿ ಸರ್ಕಾರದ ತಪಾಸಣೆ ಇರೋದು ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರಿಗೆ ಮಾತ್ರ. ಕರುಳಿಗೆ ಯಾರೂ ಕರೆದು ಹೇಳಲ್ಲ, ನೀವೇ ಬರಬೇಕು. ನಿಮ್ಮ ಅಣ್ಣತಮ್ಮ, ಅಕ್ಕತಂಗಿಯರಿಗೂ ಇದೇ ಲೆಕ್ಕ.

ಪ್ರಶ್ನೆ (ಹೊಸದುರ್ಗದಿಂದ): ಸರ್, ಅಮ್ಮನಿಗೆ 56. ತೊಂದರೆ ಏನೂ ಇಲ್ಲ, ಕುಟುಂಬದಲ್ಲೂ ಯಾರಿಗೂ ಇಲ್ಲ. ಕೊಳವೆ ಅಂದ್ರೆ ಹೆದರ್ತಾರೆ. ಬೇರೆ ದಾರಿ ಇದೆಯಾ?

ಉತ್ತರ: ಇದೆ. ಫಿಟ್ ಅನ್ನೋ ಮಲ ಪರೀಕ್ಷೆ. ಕಣ್ಣಿಗೆ ಕಾಣದಷ್ಟು ರಕ್ತವನ್ನೂ ಹಿಡಿಯುತ್ತೆ, ಪಥ್ಯ ಬೇಕಿಲ್ಲ. ವರ್ಷಕ್ಕೊಮ್ಮೆ ಮಾಡಿಸಬೇಕು, ಪಾಸಿಟಿವ್ ಬಂದರೆ ಕೊಲೊನೋಸ್ಕೋಪಿ ತಪ್ಪಿದ್ದಲ್ಲ. ರಕ್ತ ಕಣ್ಣಿಗೇ ಕಾಣ್ತಿರೋವರು, ಕಾರಣ ತಿಳಿಯದೆ ಹಿಮೋಗ್ಲೋಬಿನ್ ಇಳಿದವರು ಫಿಟ್ ನಂಬಿ ಕೂರಬಾರದು.

ಪ್ರಶ್ನೆ (ದಾವಣಗೆರೆಯಿಂದ): ಮಂಡಕ್ಕಿ ಮೆಣಸಿನಕಾಯಿ ದಿನಾ ಸಂಜೆ ಬೇಕು ನಮಗೆ. ಖಾರದಿಂದ ಕರುಳಿನ ಕ್ಯಾನ್ಸರ್ ಬರುತ್ತಾ? ನನಗೆ ಐಬಿಎಸ್ (ಆಗಾಗ ಹೊಟ್ಟೆನೋವು, ಭೇದಿ ಅಥವಾ ಮಲಬದ್ಧತೆ ಕಾಡೋ ಕರುಳಿನ ತೊಂದರೆ) ಬೇರೆ ಇದೆ.

ಉತ್ತರ: ಐಬಿಎಸ್ ಕ್ಯಾನ್ಸರ್ ಆಗಿ ತಿರುಗಲ್ಲ, ಆ ಭಯ ಬಿಡಿ. ಖಾರದಿಂದ ನಿಮಗೆ ಹೊಟ್ಟೆ ಕೆರಳಬಹುದು, ಕರುಳಿನ ಕ್ಯಾನ್ಸರಿಗೆ ಅದು ಕಾರಣ ಅಂತ ಸಾಬೀತಾಗಿಲ್ಲ. ಬೀಡಿ ಸಿಗರೇಟು, ಮದ್ಯ, ಬೊಜ್ಜು ಕಾರಣ ಅನ್ನೋದು ಗಟ್ಟಿ. ನನ್ನ ಚಿಂತೆ ತಟ್ಟೆಯಿಂದ ಮಾಯವಾಗ್ತಿರೋ ನಾರಿನದು. 2015ರಲ್ಲಿ ಒಂದು ಅಧ್ಯಯನ ಬಂತು: ದಕ್ಷಿಣ ಆಫ್ರಿಕಾದ ಹಳ್ಳಿಯವರ ನಾರಿನ ಊಟವನ್ನ ಅಮೆರಿಕದ ಕಪ್ಪು ಜನರಿಗೆ, ಅಮೆರಿಕದವರ ಮಾಂಸ, ಕೊಬ್ಬಿನ ಊಟವನ್ನ ಆ ಹಳ್ಳಿಯವರಿಗೆ ಎರಡು ವಾರ ಕೊಟ್ಟರು. ನಾರು ತಿಂದವರ ಕರುಳಿನ ಒಳಪದರದಲ್ಲಿ ಉರಿಯೂತ ಇಳಿಯಿತು, ಕರುಳಿಗೆ ಒಳ್ಳೆಯದಾದ ಬ್ಯೂಟಿರೇಟ್ ಏರಿತು. ಇನ್ನೊಂದು ಗುಂಪಿನಲ್ಲಿ ಉಲ್ಟಾ. ಕ್ಯಾನ್ಸರ್ ತಪ್ಪಿತು ಅಂತ ಇದರರ್ಥ ಅಲ್ಲ, ಆದರೆ ಕರುಳು ಎಷ್ಟು ಬೇಗ ಸ್ಪಂದಿಸುತ್ತೆ ಅಂತ ಗೊತ್ತಾಗುತ್ತೆ. ಚಿತ್ರದುರ್ಗ ಕಡೆ ನವಣೆ ಈಗಲೂ ಬೆಳೀತಾರೆ. ಜೋಳದ ರೊಟ್ಟಿ, ಮುದ್ದೆ, ಸೊಪ್ಪು, ಕಾಳು ಬಿಡಬೇಡಿ. ಐಬಿಎಸ್ ಇರೋದ್ರಿಂದ ನಾರನ್ನ ಒಮ್ಮೆಲೇ ಅಲ್ಲ, ನಿಧಾನಕ್ಕೆ ಹೆಚ್ಚಿಸಿ.

ಪ್ರಶ್ನೆ (ಜಗಳೂರಿನಿಂದ, ಮತ್ತೆ): ಧನ್ಯವಾದ ಸರ್. ಈ ವಾರವೇ ತೋರಿಸ್ತೀನಿ. ಏನು ತಯಾರಿ ಬೇಕು?

ಉತ್ತರ: ಅಪ್ಪಾಜಿಯ ಬಯಾಪ್ಸಿ ರಿಪೋರ್ಟ್ ತನ್ನಿ. ಅದರಲ್ಲಿ ಎಂಎಂಆರ್ ಪರೀಕ್ಷೆ (ಡಿಎನ್ಎ ತಪ್ಪು ಸರಿಪಡಿಸೋ ಪ್ರೋಟೀನುಗಳು ಗಡ್ಡೆಯಲ್ಲಿ ಇವೆಯಾ ಅಂತ ನೋಡೋದು) ಆಗಿದೆಯಾ ನೋಡಬೇಕು. ವಂಶದಲ್ಲಿ ಹರಿದು ಬಂದು ಕರುಳಿನ ಕ್ಯಾನ್ಸರಿನ ಅಪಾಯ ಹೆಚ್ಚಿಸೋ ಲಿಂಚ್ ಸಿಂಡ್ರೋಮಿನ ಸುಳಿವು ಅಲ್ಲಿ ಸಿಗುತ್ತೆ. ರಕ್ತ ತೆಳುವಾಗೋ ಮಾತ್ರೆ ತಗೊಳ್ತಿದ್ದರೆ ಮೊದಲೇ ಹೇಳಿ, ನೀವಾಗೇ ನಿಲ್ಲಿಸಬೇಡಿ. ಕಬ್ಬಿಣಾಂಶದ ಮಾತ್ರೆ ಇದ್ದರೆ ಅದನ್ನೂ ಹೇಳಿ, ಪರೀಕ್ಷೆಗೆ ವಾರ ಮುಂಚೆ ನಿಲ್ಲಿಸಬೇಕಾಗುತ್ತೆ. ಭೇದಿಯ ದ್ರಾವಣ ಅರ್ಧ ಹಿಂದಿನ ರಾತ್ರಿ, ಉಳಿದರ್ಧ ಬೆಳಗ್ಗೆ ಕುಡೀಬೇಕು. ಕೊನೆಗೆ ತಿಳಿ ಹಳದಿ ನೀರಷ್ಟೇ ಹೋಗಬೇಕು. ಒಳಗೆ ಮಲ ಉಳಿದಿದ್ದರೆ ಚಪ್ಪಟೆ ಪಾಲಿಪ್ ನಮ್ಮ ಕಣ್ಣಿಗೆ ಬೀಳಲ್ಲ.