ಆಟದ ‘ರೇಂಜ್’ಗೆ ಕನ್ನಡದಲ್ಲಿ ಏನನ್ನೋಣ? ಎಸೆ, ಎಸು, ಬಿಡು, ಹೊಡೆ

ಎಲ್ಲರಿಗೂ ನಮಸ್ಕಾರ.

ಒಂದು ಪದ ಕೇಳೋಣ ಅಂತ ಬರೆಯಲು ಕೂತೆ. ಈಗ ಅದು ಒಂದು ರಾಶಿ ಆಗಿದೆ, ಸ್ವಲ್ಪ ಸಹಿಸಿಕೊಳ್ಳಿ.

ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಅಂತ ಒಂದು ಆನ್‌ಲೈನ್ ಆಟ ಇದೆ. ಇಂಗ್ಲೆಂಡಿನ ಕೇಂಬ್ರಿಜ್‌ನ ಜ್ಯಾಗೆಕ್ಸ್ ಕಂಪೆನಿಯದ್ದು. ಮೂಲ ಆಟ 2001ರದ್ದು, ಅದರ 2007ರ ರೂಪವನ್ನೇ 2013ರಲ್ಲಿ ಬೇರೆ ಆಟವಾಗಿ ತೆರೆದರು, 2018ರಲ್ಲಿ ಮೊಬೈಲಿಗೂ ಬಂತು. ನನ್ನ ಅಕ್ಕನ ಮಗ ಮತ್ತು ಅವನ ಗೆಳೆಯರು ಇದಕ್ಕೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದಾರೆ. ನಾವು ಇರುವುದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಆ ಗುಂಪಿನಲ್ಲಿ ಮನೆಯಲ್ಲಿ ತುಳು ಮಾತಾಡುವವನೊಬ್ಬ, ಮಲಯಾಳ ಮಾತಾಡುವವನೊಬ್ಬ, ನಮ್ಮವನು ಹವಿಗನ್ನಡದವ. ಮೂವರಿಗೂ ಶಾಲೆ ಕನ್ನಡದ್ದೇ. ತಿದ್ದುವ ಕೆಲಸ ನನ್ನ ತಲೆಗೆ ಕಟ್ಟಿದ್ದಾರೆ.

ಆಟದಲ್ಲಿ ಕಾದಾಟ ಮೂರು ಬಗೆ. ಹತ್ತಿರ ಹೋಗಿ ಕತ್ತಿ, ಗದೆಯಿಂದ ಬಡಿಯುವುದು. ಮಂತ್ರ ಹಾಕುವುದು. ದೂರ ನಿಂತು ಬಿಲ್ಲು, ಚೂರಿ, ಭರ್ಜಿ ಇತ್ಯಾದಿಯಿಂದ ಹೊಡೆಯುವುದು. ಹತ್ತಿರದವನು ಬಿಲ್ಲಿನವನಿಗೆ ಭಾರಿ, ಬಿಲ್ಲಿನವನು ಮಂತ್ರದವನಿಗೆ ಭಾರಿ, ಮಂತ್ರದವನು ಮೈತುಂಬ ಕಬ್ಬಿಣ ತೊಟ್ಟವನಿಗೆ ಭಾರಿ. ಒಂದು ಸುತ್ತು ಹಾಗೆ. ನನಗೆ ಪದ ಬೇಕಾಗಿರುವುದು ಮೂರನೆಯದಕ್ಕೆ. ಇಂಗ್ಲಿಷಿನಲ್ಲಿ ಅದು ರೇಂಜ್ಡ್.

ಹಾಗೇ ‘ರೇಂಜ್’ ಅಂತ ಬಿಟ್ಟುಬಿಡಬಹುದಲ್ವಾ ಅಂತ ಮೊದಲು ಅನ್ನಿಸೀತು. ಆದರೆ ನಮ್ಮ ಊರಿನಲ್ಲಿ ರೇಂಜ್ ಅಂದರೆ ಮೊಬೈಲಿನ ಸಿಗ್ನಲ್. ‘ತೋಟದಲ್ಲಿ ರೇಂಜ್ ಇಲ್ಲ’, ‘ಮಳೆ ಬಂತು, ರೇಂಜ್ ಹೋಯಿತು’ ಅಂತ ದಿನಾ ಹೇಳುತ್ತೇವೆ. ಇನ್ನು ರೇಂಜರ್ ಅಂದರೆ ಅರಣ್ಯ ಇಲಾಖೆಯವರು, ಮರ ಕಡಿಯುವಾಗ ನೆನಪಾಗುವವರು. ‘ನಿಮ್ಮ ರೇಂಜ್ 40 ಆದಾಗ ಕಾಡಿನಲ್ಲಿ ಹೀಗೆ ಮಾಡಿ’ ಅಂತ ಕೈಪಿಡಿಯಲ್ಲಿ ಬರೆದರೆ ಓದುವವನು ಫೋನ್ ಎತ್ತಿ ನೋಡಿಯಾನು. ಹುಡುಗರಿಗೆ ಇದು ದೊಡ್ಡ ತೊಂದರೆ ಅಲ್ಲ. ನನಗೆ ಮಾತ್ರ ಕಿರಿಕಿರಿ.

ಮುಂದಿನದು ‘ಅಸ್ತ್ರ’. ಸಂಸ್ಕೃತದಲ್ಲಿ ಕೈಯಲ್ಲಿ ಹಿಡಿದೇ ಹೊಡೆಯುವುದು ಶಸ್ತ್ರ, ಕೈಯಿಂದ ಬಿಡುವುದು ಅಸ್ತ್ರ. ಹಾಗೆ ನೋಡಿದರೆ ಇದಕ್ಕಿಂತ ಒಳ್ಳೆಯ ಪದ ಬೇರೆ ಇಲ್ಲ. ಆದರೆ ಯಕ್ಷಗಾನ ನೋಡಿ ಬೆಳೆದ ಯಾರನ್ನೇ ಕೇಳಿ, ಅಸ್ತ್ರ ಅಂದರೆ ಬ್ರಹ್ಮಾಸ್ತ್ರ, ಆಗ್ನೇಯಾಸ್ತ್ರ, ನಾಗಾಸ್ತ್ರ. ಅಂದರೆ ಮಂತ್ರ ಹಾಕಿ ಬಿಡುವುದು. ಆಟದಲ್ಲಿ ಮಂತ್ರವೇ ಬೇರೆ ವಿಭಾಗ! ಬೆಂಕಿ, ನೀರು, ಗಾಳಿ ಎಲ್ಲ ಅಲ್ಲಿದೆ. ದೂರದ ಹೊಡೆತಕ್ಕೆ ಅಸ್ತ್ರ ಅಂತ ಹೆಸರಿಟ್ಟರೆ ಎರಡೂ ಕಲಸಿಹೋಗುತ್ತವೆ.

‘ಬಿಲ್ವಿದ್ಯೆ’ ಚಂದ ಇದೆ. ಆದರೆ ಬಿಲ್ಲೇ ಇಲ್ಲದ ಹೊಡೆತ ಆಟದಲ್ಲಿ ತುಂಬಾ ಇದೆ. ಚೂರಿ, ಡಾರ್ಟ್ ಎಂಬ ಕೈಯಿಂದ ಎಸೆಯುವ ಪುಟ್ಟ ಬಾಣ, ಕೊಡಲಿ, ಕೊನೆಗೆ ಚಿಂಚೋಂಪ ಅಂತ ಇಲಿಯಂಥ ಒಂದು ಪ್ರಾಣಿಯನ್ನು ಹಿಡಿದು ಎಸೆಯುತ್ತಾರೆ, ಅದು ಸಿಡಿಯುತ್ತದೆ. ಪಾಪ. ಅದನ್ನು ಬಿಲ್ವಿದ್ಯೆ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಹಾಗಾದರೆ ‘ಎಸೆತ’? ಇಲ್ಲಿ ಕ್ರಿಕೆಟ್ ಅಡ್ಡ ಬರುತ್ತದೆ. ಪತ್ರಿಕೆಯವರು ‘24 ಎಸೆತಗಳಲ್ಲಿ 40 ರನ್’ ಅಂತ ಬರೆದು ಬರೆದು ಎಸೆತ ಅಂದರೆ ಬೌಲರ್ ಹಾಕುವ ಚೆಂಡು ಅಂತಲೇ ಆಗಿದೆ. ಶಾಲೆಯ ಕ್ರೀಡಾಕೂಟದಲ್ಲಿ ಗುಂಡೆಸೆತ, ಭರ್ಜಿ ಎಸೆತ ಇವೆ, ಅವೂ ಕೈಯಿಂದಲೇ ಬೀಸುವಂಥವು. ಬಿಲ್ಲಿನಿಂದ ಬಾಣ ‘ಎಸೆದ’ ಅಂತ ಇವತ್ತು ಹೇಳಿದರೆ ಬಿಲ್ಲು ಕೆಳಗಿಟ್ಟು ಬಾಣವನ್ನು ಕೋಲಿನ ಹಾಗೆ ಬಿಸಾಡಿದ ಅಂತ ಅರ್ಥ ಬರುತ್ತದೆ.

ಈಗ ನಿಜವಾದ ಪ್ರಶ್ನೆಗೆ ಬಂದೆ.

ಹಳೆಗನ್ನಡದಲ್ಲಿ, ನಡುಗನ್ನಡದಲ್ಲಿ ಬಾಣಕ್ಕೆ ‘ಎಸು’ ಅಂತ ಕ್ರಿಯಾಪದ ಇತ್ತು. ಎಚ್ಚನು ಅಂದರೆ ಬಾಣ ಬಿಟ್ಟನು. ಅದರಿಂದ ‘ಎಸುಗೆ’, ಬಾಣ ಬಿಡುವ ಕೆಲಸ. ಇಂದಿನ ಮಾತಿನಲ್ಲಿ ಎಸು ಉಳಿದಿಲ್ಲ, ಎಸೆ ಮಾತ್ರ ಉಳಿದಿದೆ. ಬಾಣಕ್ಕೆ ನಾವು ‘ಬಿಡು’ ಅಥವಾ ‘ಹೊಡೆ’ ಅನ್ನುತ್ತೇವೆ. ಹೊಡೆ ಎಂಬುದು ಹೇಗೂ ಎಲ್ಲದಕ್ಕೂ ಬರುವ ಪದ. ಕಲ್ಲೂ ಹೊಡೆಯುತ್ತೇವೆ, ಮೊಳೆಯೂ ಹೊಡೆಯುತ್ತೇವೆ, ನಿದ್ದೆಯೂ ಹೊಡೆಯುತ್ತೇವೆ.

ಮಲಯಾಳದಲ್ಲಿ ಈ ವ್ಯತ್ಯಾಸ ಇನ್ನೂ ಜೀವಂತ ಇದೆ. ಕಲ್ಲು ಎಸೆಯುವುದು ‘ಎರಿಯುಕ’, ಬಾಣ ಬಿಡುವುದು ‘ಎಯ್ಯುಕ’. ಬಿಲ್ಲುಗಾರಿಕೆಗೆ ‘ಅಂಬೆಯ್ತ್’ ಅನ್ನುತ್ತಾರೆ. ಈ ಎಯ್ಯುಕ ಮತ್ತು ನಮ್ಮ ಎಸು ಒಂದೇ ಬೇರಿನವು, ತಮಿಳಿನ ‘ಎಯ್’ ಕೂಡ ಅದೇ. ತಮಾಷೆ ಏನೆಂದರೆ ನಾನು ಹುಡುಗರ ಮುಂದೆ ‘ಎಸುಗೆ’ ಅಂತ ಹೇಳಿದಾಗ ಕನ್ನಡದ ಮನೆಯವನು ‘ಮಾವ, ಇದು ಟೈಪಿಂಗ್ ತಪ್ಪು ಅಂತ ಎಲ್ಲರೂ ನಗುತ್ತಾರೆ’ ಅಂದ. ಮಲಯಾಳದ ಮನೆಯ ಹುಡುಗ ಮಾತ್ರ ಥಟ್ಟನೆ ‘ಓ, ಅಂಬೆಯ್ತ್’ ಅಂದ. ನಮ್ಮ ಹಳೆಯ ಪದ ಅವನಿಗೆ ಹೊಸದೇ ಅನ್ನಿಸಲಿಲ್ಲ.

ತುಳುವಿನಲ್ಲಿ ಎಸೆಯುವುದಕ್ಕೆ ‘ದಕ್ಕುನಿ’ ಇದೆ. ಬಿಲ್ಲು ಬಾಣಕ್ಕೆ ‘ಬಿರು ಪಗರಿ’, ತುಳುವಿನ ಹಾಡುಗತೆಯಾದ ಪಾಡ್ದನದಲ್ಲಿ ಕೇಳುವ ಜೋಡಿ. ಪಗರಿ ಅನ್ನುವುದನ್ನು ಆಟದ ಯಾವುದಾದರೂ ಒಂದು ಬಗೆಯ ಬಾಣಕ್ಕೆ ಇಟ್ಟುಕೊಳ್ಳಬೇಕು ಅಂತ ಆ ಹುಡುಗನ ಹಟ. ನನಗೂ ಆಸೆ ಇದೆ. ಘಟ್ಟದ ಮೇಲಿನವರಿಗೆ ಗೊತ್ತಾದೀತೇ?

ಕೈಯಿಂದ ಎಸೆಯುವುದು, ಬಿಲ್ಲಿನಿಂದ ಬಿಡುವುದು, ಇವೆರಡನ್ನು ಬೇರೆ ಇಡಬೇಕು ಅಂತ ನಾನು ಪಟ್ಟು ಹಿಡಿದಿರುವುದಕ್ಕೆ ಕಾರಣ ಆಟದ ಒಳಗೇ ಇದೆ. ಬಿಲ್ಲಿದ್ದರೆ ಬಿಲ್ಲು ಕೈಯಲ್ಲಿ, ಬಾಣ ಬೇರೆ ಜಾಗದಲ್ಲಿ. ಚೂರಿಯಾದರೆ ಆಯುಧವೂ ಅದೇ, ಖರ್ಚಾಗುವುದೂ ಅದೇ, ಕೊನೆಯ ಚೂರಿ ಎಸೆದ ಮೇಲೆ ಬರಿಗೈ. ದೂರವೂ ಬೇರೆ. ಡಾರ್ಟ್ ಹೋಗುವುದು 3 ಮನೆ, ಚೂರಿ 4, ಗಿಡ್ಡ ಬಿಲ್ಲಿನ ಬಾಣ 7, ಉದ್ದ ಬಿಲ್ಲಿನದ್ದು 10. (ನೆಲದ ಒಂದೊಂದು ಚೌಕಕ್ಕೆ ‘ಮನೆ’ ಅಂತ ಇಟ್ಟಿದ್ದೇವೆ, ಚದುರಂಗದಲ್ಲಿ ಹೇಳುವ ಹಾಗೆ. ‘ಶತ್ರು ಏಳು ಮನೆ ಆಚೆ ಇದ್ದಾನೆ’ ಅಂದರೆ ವಿಳಾಸ ಕೊಟ್ಟ ಹಾಗೆ ಕೇಳುತ್ತದೆ, ಇರಲಿ.) ಹತ್ತಿರದ್ದು ಬೇಗ ಬೇಗ ಹೋಗುತ್ತದೆ, ದೂರದ್ದು ನಿಧಾನ.

ಹಳಬರೂ ಇದನ್ನು ಹೀಗೇ ವಿಂಗಡಿಸಿದ್ದರು. ಅಗ್ನಿಪುರಾಣದ ಧನುರ್ವೇದದ ಭಾಗದಲ್ಲಿ ಐದು ಬಗೆ ಹೇಳಿದೆ. ಯಂತ್ರಮುಕ್ತ ಅಂದರೆ ಬಿಲ್ಲು, ಕವಣೆಯಂಥ ಸಾಧನದಿಂದ ಬಿಡುವುದು. ಪಾಣಿಮುಕ್ತ ಅಂದರೆ ಕೈಯಿಂದ ಎಸೆಯುವುದು. ಮುಕ್ತಸಂಧಾರಿತ ಅಂದರೆ ಬಿಟ್ಟು ಮತ್ತೆ ಹಿಂದಕ್ಕೆ ಪಡೆಯುವುದು. ಅಮುಕ್ತ ಅಂದರೆ ಕತ್ತಿಯ ಹಾಗೆ ಕೈ ಬಿಡದೆ ಹೊಡೆಯುವುದು. ಐದನೆಯದು ಬಾಹುಯುದ್ಧ. ಆಟ ಮಾಡಿದವರು ಇದನ್ನು ಓದಿ ಮಾಡಿದ್ದಲ್ಲ ಬಿಡಿ. ಆದರೂ ಎಷ್ಟು ಸರಿಯಾಗಿ ಕೂರುತ್ತದೆ ನೋಡಿ. ಮೂರನೆಯದಾದ ಮುಕ್ತಸಂಧಾರಿತಕ್ಕೂ ಆಟದಲ್ಲಿ ಜೋಡಿ ಇದೆ. ಆವಾ ಎಂಬ ಪಾತ್ರ ಕೊಡುವ ಅಯಸ್ಕಾಂತದ ಸಾಧನವೊಂದನ್ನು ಬೆನ್ನಿಗೆ ಕಟ್ಟಿಕೊಂಡರೆ ಬಿಟ್ಟ ಬಾಣಗಳಲ್ಲಿ ಹೆಚ್ಚಿನವು ತಾವಾಗಿ ವಾಪಸ್ ಬರುತ್ತವೆ. ಅದಿಲ್ಲದಿದ್ದರೆ ನೆಲದಿಂದ ಹೆಕ್ಕುತ್ತಾ ತಿರುಗಬೇಕು, ಕೆಲವು ಮುರಿದೂ ಹೋಗುತ್ತವೆ.

ಯಂತ್ರಮುಕ್ತ, ಪಾಣಿಮುಕ್ತ ಅಂತ ಕೈಪಿಡಿಯಲ್ಲಿ ಹಾಕಿದರೆ ಹದಿನೈದು ವರ್ಷದ ಹುಡುಗ ಓದುವುದಿಲ್ಲ. ‘ಬಿಡುವ ಆಯುಧ’, ‘ಎಸೆಯುವ ಆಯುಧ’ ಅಂದರೆ ಸಾಕು ಅಂತ ನನ್ನ ಅನಿಸಿಕೆ. ಎರಡನ್ನೂ ಸೇರಿಸಿ ಹೇಳುವ ತಲೆಬರಹಕ್ಕೆ ಎಸುಗೆ. ಇದು ಸರಿಯೇ? ಎಸುಗೆ ಬಾಣಕ್ಕೆ ಮಾತ್ರ ಸೀಮಿತ, ಚೂರಿಗೆ ಹೇಳಬಾರದು ಅಂತ ಹಳೆಯ ಕಾವ್ಯ ಚೆನ್ನಾಗಿ ಓದಿದವರು ಹೇಳಿದರೆ ನಾನು ಬಿಟ್ಟುಬಿಡುತ್ತೇನೆ.

ಮುಂದಿನ ತಲೆನೋವು ಬಾಣ, ಡಾರ್ಟ್, ಗುಂಡು ಎಲ್ಲಕ್ಕೂ ಒಟ್ಟಾಗಿ ಹೇಳುವ ಪದ. ಇಂಗ್ಲಿಷಿನಲ್ಲಿ ಆಮೋ. ಪತ್ರಿಕೆಯ ಪದ ‘ಮದ್ದುಗುಂಡು’. ಬಾಣದಲ್ಲಿ ಮದ್ದೂ ಇಲ್ಲ, ಗುಂಡೂ ಇಲ್ಲ. ಅಲ್ಲದೆ ಅಡಿಕೆ ತೋಟದ ಊರಿನಲ್ಲಿ ಮದ್ದು ಅಂದರೆ ಮಳೆಗಾಲದಲ್ಲಿ ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣ. ‘ಮದ್ದು ಮುಗಿಯಿತು’ ಅಂತ ಹುಡುಗ ಕೋಣೆಯಿಂದ ಕೂಗಿದರೆ ಭಾವ ಮೈಲುತುತ್ತು ತರಲು ಪೇಟೆಗೆ ಹೊರಟಾರು. ‘ಬತ್ತಳಿಕೆ’ ಒಳ್ಳೆಯದು, ಆದರೆ ಬತ್ತಳಿಕೆ ಎಂಬ ಬೇರೆಯೇ ಸಾಮಾನು 2024ರಲ್ಲಿ ಆಟಕ್ಕೆ ಬಂದಿದೆ, ಹಾಗಾಗಿ ಆ ಹೆಸರು ಅದಕ್ಕೇ ಇರಲಿ. ‘ಹೂಡಿಕೆ’ ಅಂದರೆ ಬ್ಯಾಂಕು. ಬಾಣ ಹೂಡುವುದು ಅನ್ನುವ ಮಾತು ಹೋಗಿ ಹಣ ಹೂಡುವುದು ಬಂದಿದೆ. ಇದಕ್ಕೆ ನಿಮ್ಮಲ್ಲಿ ಯಾರಿಗಾದರೂ ಏನಾದರೂ ಹೊಳೆದರೆ ಹೇಳಿ. ನನಗೆ ಹೊಳೆದಿಲ್ಲ.

ಬಿಲ್ಲಿನ ಭಾಗಗಳಲ್ಲಿ ತೊಂದರೆ ಇಲ್ಲ, ಅಲ್ಲಿ ಕನ್ನಡ ಶ್ರೀಮಂತ. ಆಟದಲ್ಲಿ ಮರದಿಂದ ಬಿಲ್ಲು ಕೆತ್ತಿ, ಅಗಸೆ ನಾರನ್ನು ರಾಟೆಯಲ್ಲಿ ನೂತು ದಾರ ಮಾಡಿ ಕಟ್ಟುತ್ತಾರೆ. ಕಟ್ಟುವ ಮೊದಲಿನದ್ದು ‘ಹೆದೆ ಏರಿಸದ ಬಿಲ್ಲು’. ಒಂದು ಸಾದಾ ಮರದ ತುಂಡಿಗೆ 15 ಬಾಣದ ಕಡ್ಡಿ, ಅದಕ್ಕೆ ಗರಿ, ಆಮೇಲೆ ಅಲಗು. ಗರಿ ಕಟ್ಟಿ ಅಲಗು ಹಾಕದೆ ಇಟ್ಟದ್ದನ್ನು ಹುಡುಗರು ‘ತಲೆಯಿಲ್ಲದ ಬಾಣ’ ಅಂತ ಬರೆದಿದ್ದರು, ‘ಅಲಗಿಲ್ಲದ ಬಾಣ’ ಅಂತ ಮಾಡಿದೆ. ಹೊಡೆಯುವ ಮೂರು ರೀತಿಗೆ ‘ಗುರಿ’, ‘ಚುರುಕು’, ‘ದೂರ’. ಮುಗಿಯಿತು.

ಅಡ್ಡಬಿಲ್ಲು ಮಾತ್ರ ಗೋಳು. ಬಿಲ್ಲಿಗೆ ಅಡ್ಡವಾಗಿ ಮರದ ಹಿಡಿ, ಹೆದೆ ಎಳೆದು ಸಿಕ್ಕಿಸಿ ಕೋವಿಯ ಹಾಗೆ ಗುಂಡಿ ಎಳೆದು ಬಿಡುವುದು. ಆಟದಲ್ಲಿ ಇದನ್ನು ಒಂದೇ ಕೈಯಲ್ಲಿ ಹಿಡಿದು ಇನ್ನೊಂದರಲ್ಲಿ ಗುರಾಣಿ ಇಟ್ಟುಕೊಳ್ಳಬಹುದು, ಸಾದಾ ಬಿಲ್ಲಿಗೆ ಎರಡೂ ಕೈ ಬೇಕು. ಅಡ್ಡಬಿಲ್ಲು ಎಂಬ ಹೆಸರೇನೋ ಸರಿ. ಕೋವಿಯ ಆ ಭಾಗಕ್ಕೆ ‘ಕುದುರೆ’ ಅನ್ನುವುದುಂಟು, ಹಾಗಾಗಿ ಕುದುರೆಬಿಲ್ಲು ಅನ್ನೋಣವೇ ಅಂತ ಒಮ್ಮೆ ಆಸೆಯಾಯಿತು, ಆದರೆ ಕುದುರೆ ಏರಿ ಹೊಡೆಯುವ ಬಿಲ್ಲು ಅಂದುಕೊಳ್ಳುತ್ತಾರೆ. ಅದರ ಬಾಣಕ್ಕೆ ಇಂಗ್ಲಿಷಿನಲ್ಲಿ ಬೋಲ್ಟ್. ಕನ್ನಡದಲ್ಲಿ ಬೋಲ್ಟ್ ಅಂದರೆ ನಟ್ಟಿನ ಜೊತೆಗಾರ. ‘ಮಾಣಿಕ್ಯದ ಬೋಲ್ಟ್ ಹಾಕಿ’ ಅಂತ ಕೈಪಿಡಿಯಲ್ಲಿದೆ, ಬೈಕ್ ರಿಪೇರಿ ಅನ್ನಿಸುತ್ತದೆ. ಅದು ಭಾರಿ ಬಾಣ ಮಾರಾಯರೇ. ಮಾಣಿಕ್ಯದ ಮೊನೆ ಇಟ್ಟು ಮಂತ್ರಿಸಿದ್ದು ಕೆಲವೊಮ್ಮೆ ಎದುರಾಳಿಯಲ್ಲಿ ಉಳಿದಿರುವ ಜೀವದ ಐದರಲ್ಲೊಂದು ಪಾಲನ್ನು ಕಿತ್ತುಕೊಳ್ಳುತ್ತದೆ, ಬದಲಿಗೆ ಬಿಟ್ಟವನ ಜೀವದಲ್ಲಿ ಹತ್ತರಲ್ಲೊಂದು ಪಾಲು ಹೋಗುತ್ತದೆ. ಬಾಣಕ್ಕೆ ಹಳೆಯ ಪದ ನಮ್ಮಲ್ಲಿ ಬೇಕಾದಷ್ಟಿವೆ. ಅಂಬು, ಕಣೆ, ಸರಳು, ಕೋಲು. ಸಾದಾ ಬಿಲ್ಲಿನದ್ದಕ್ಕೆ ಬಾಣ, ಅಡ್ಡಬಿಲ್ಲಿನದ್ದಕ್ಕೆ ಕಣೆ ಅಂತ ಹಂಚಿಬಿಟ್ಟರೆ? ‘ಮಾಣಿಕ್ಯದ ಕಣೆ’ ಕಿವಿಗೆ ಹಿತವಾಗಿದೆ. ಪಗರಿ ಹುಡುಗ ಮಾತ್ರ ಸಿಟ್ಟಾಗಿದ್ದಾನೆ, ಇದೇ ಜಾಗಕ್ಕೆ ಅವನು ಪಗರಿ ಕೇಳಿದ್ದ.

ಡಾರ್ಟನ್ನು ಬಾಯಿಂದ ಊದಿ ಹೊಡೆಯುವ ವಿಷದ ಕೊಳವೆಯೂ ಇದೆ, ಆಟದಲ್ಲಿ ಬಹಳ ವೇಗದ ಆಯುಧ. ‘ಊದುಗೊಳವೆ’ ಅಂತ ಬರೆದೆ. ಅಕ್ಕ ಓದಿ ‘ಒಲೆ ಊದುವುದರಲ್ಲಿ ರಾಕ್ಷಸರನ್ನು ಕೊಲ್ಲುತ್ತಾರಾ?’ ಅಂತ ಕೇಳಿದಳು. ನಾನು ಬದಲಿಸುವುದಿಲ್ಲ. ಕುಬ್ಜರ ಫಿರಂಗಿಗೆ ಹುಡುಗರು ‘ಬೆಡಿ’ ಅಂತ ಇಟ್ಟಿದ್ದಾರೆ, ಕುಂಬಳೆ ಬೆಡಿ (ಜಾತ್ರೆಯ ಸಿಡಿಮದ್ದು) ನೋಡಿದವರಿಗೆ ಅದರ ಸದ್ದೂ ಕೇಳಿಸೀತು. ಬೇರೆ ಕಡೆಯವರಿಗೆ ಬೇಡಿ ಅಂತ ಕಂಡರೆ ಕಷ್ಟ, ಅಲ್ಲಿ ಫಿರಂಗಿಯೇ ಇರಲಿ ಅಂದಿದ್ದೇನೆ.

ಒಂದು ಪದ ಮಾತ್ರ ಚರ್ಚೆಯೇ ಇಲ್ಲದೆ ಗೆದ್ದಿತು. ಬಂಡೆಯೋ ಬೇಲಿಯೋ ನಡುವೆ ಇರುವ ಜಾಗದಲ್ಲಿ ನಿಂತು, ರಾಕ್ಷಸನಿಗೆ ನಮ್ಮ ಹತ್ತಿರ ಬರಲಾಗದ ಹಾಗೆ ಮಾಡಿ, ಸುಮ್ನೆ ಬಾಣ ಬಿಡುತ್ತಾ ಇರುವುದು ಈ ಆಟದ ದೊಡ್ಡ ಉಪಾಯ. ಇಂಗ್ಲಿಷಿನಲ್ಲಿ ‘ಸೇಫ್‌ಸ್ಪಾಟ್’ ಅನ್ನುವ ಆ ಜಾಗಕ್ಕೆ ನಾನು ‘ಮರೆ’ ಅಂದೆ. ಹುಡುಗರು ಅದನ್ನು ‘ವಾಲಿಮರೆ’ ಮಾಡಿದರು. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಸರಿಯೋ ಅಂತ ವಾಲಿ ರಾಮನನ್ನು ಕೇಳುವುದನ್ನು ಇಲ್ಲಿನ ತಾಳಮದ್ದಳೆಗಳಲ್ಲಿ ಗಂಟೆಗಟ್ಟಲೆ ಕೇಳಿದವರ ಮಕ್ಕಳಲ್ವಾ. ‘ಮೊದಲು ವಾಲಿಮರೆ ಹುಡುಕಿ, ಆಮೇಲೆ ಬಾಣ ಬಿಡಿ’ ಅಂತ ಕೈಪಿಡಿಯಲ್ಲಿ ಹಾಗೇ ಹೋಗುತ್ತಿದೆ. ಇಂಗ್ಲಿಷಿನದ್ದಕ್ಕಿಂತ ಇದೇ ಜೋರಾಗಿದೆ ಅಂತ ನನ್ನ ಲೆಕ್ಕ.

ತಮಿಳುನಾಡಿನ ತಾಳವಾಡಿ, ಹೊಸೂರಿನ ಕಡೆಯವರು ಈ ಬಳಗದಲ್ಲಿದ್ದಾರೆ, ಅವರಲ್ಲಿ ಒಂದು ಪ್ರಶ್ನೆ. ತಮಿಳಿನ ‘ಎಯ್’ ಕೇಳುತ್ತಾ ಇರುವ ನಿಮ್ಮ ಕನ್ನಡದಲ್ಲಿ ಬಾಣಕ್ಕೆ ಎಸು, ಎಚ್ಚ ಇಂಥದ್ದು ಹಿರಿಯರ ಬಾಯಲ್ಲಾದರೂ ಉಳಿದಿದೆಯೇ? ಅಕ್ಕಲಕೋಟೆ, ಸೊಲ್ಲಾಪುರ, ಆದೋನಿಯ ಕಡೆಯವರು ರಬ್ಬರ್ ಬಿಲ್ಲಿನಿಂದ ಕಲ್ಲು ಹೋಗುವುದಕ್ಕೆ ಏನನ್ನುತ್ತೀರಿ, ಬಿಡುವುದೋ, ಹೊಡೆಯುವುದೋ, ಒಗೆಯುವುದೋ? ಒಗೆ ಅಂದರೆ ನಮಗೆ ಬಟ್ಟೆ ಮಾತ್ರ. ನಿಮ್ಮಲ್ಲಿ ಕಲ್ಲನ್ನೂ ಒಗೆಯುತ್ತಾರೆ ಅಂತ ಕೇಳಿದ್ದೇನೆ, ಚೂರಿಗೆ ಅದು ಹೊಂದುತ್ತದೋ ಏನೋ. ತಿಳಿಸಿ, ಹುಡುಗರು ಕಾಯುತ್ತಿದ್ದಾರೆ.