ಮಗನಿಗೆ ಗೇಮ್ ಸಬ್‌ಸ್ಕ್ರಿಪ್ಷನ್ ಹಾಕಿಸಲಾ, ಇಲ್ಲ ಒಂದೊಂದೇ ಕೊಡಿಸಲಾ?

ಸಿಂಧನೂರು ಅಂಗಡಿ
ಎಲ್ಲರಿಗೂ ನಮಸ್ಕಾರ. ಸಿಂಧನೂರಿನಲ್ಲಿ ನನ್ನದು ಬೀಜ, ಗೊಬ್ಬರದ ಅಂಗಡಿ. ಕಂಪ್ಯೂಟರ್‌ನಲ್ಲಿ ಬಿಲ್ ಹಾಕೋದಷ್ಟೇ ಗೊತ್ತು. ಮಗ ಈಗಷ್ಟೇ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿದ್ದಾನೆ. ವರ್ಷಪೂರ್ತಿ ಒಂದು ದಿನವೂ ಗೇಮ್ ಅಂತ ಕೇಳಲಿಲ್ಲ, ರಜೆಯಲ್ಲಿ ಕೊಡಿಸ್ತೀನಿ ಅಂತ ನಾನೇ ಮಾತು ಕೊಟ್ಟಿದ್ದೆ. ಈಗ ಅವನು, ಅಪ್ಪಾ, ಒಂದು ದೊಡ್ಡ ಗೇಮ್ ಕೊಳ್ಳೋಕೆ ಮೂರು ಸಾವಿರದ ಮೇಲೆ ಬೇಕು, ಅದರ ಬದಲು ಮೈಕ್ರೋಸಾಫ್ಟ್‌ನವರ ಗೇಮ್ ಪಾಸ್ ಹಾಕಿಸಿದರೆ ತಿಂಗಳಿಗೆ ಇಷ್ಟು ಅಂತ ಕಟ್ಟಿ ನೂರಾರು ಗೇಮ್ ಡೌನ್‌ಲೋಡ್ ಮಾಡಿ ಆಡಬಹುದು ಅಂತಾನೆ. ನಾವು ಹುಡುಗರಿದ್ದಾಗ ಸಿಡಿ ತಂದರೆ ಅದು ನಮ್ಮ ಕಪಾಟಿನಲ್ಲೇ ಇರುತ್ತಿತ್ತು. ಇದರಲ್ಲಿ ದುಡ್ಡು ಕಟ್ಟೋದು ನಿಲ್ಲಿಸಿದರೆ ಏನು ಉಳಿಯುತ್ತೆ? ಮನೆಯಲ್ಲಿ 40 ಎಂಬಿಪಿಎಸ್ ಫೈಬರ್ ಇದೆ, ಆದರೆ ಕರೆಂಟ್ ದಿನಕ್ಕೆ ಎರಡು ಸಲವಾದರೂ ಹೋಗುತ್ತೆ. ಲ್ಯಾಪ್‌ಟಾಪ್ ಹೋದ ವರ್ಷದ್ದು, 512 ಜಿಬಿ. ಇನ್ನೊಂದು ಮಾತು, ದುಡ್ಡಿಟ್ಟು ಆಡೋ ಗೇಮ್‌ಗಳನ್ನು ಸರ್ಕಾರ ನಿಲ್ಲಿಸಿದೆ ಅಂತ ಪೇಪರ್‌ನಲ್ಲಿ ಓದಿದ್ದೆ, ಇದೂ ಅದೇನಾ?

ಕೊಪ್ಪಳ ಕೀಬೋರ್ಡ್
ಅಣ್ಣಾ, ಕೊನೆಯ ಪ್ರಶ್ನೆಗೆ ಮೊದಲು ಹೇಳ್ತೀನಿ. 2025ರಲ್ಲಿ ಬಂದ ಕಾಯ್ದೆ ದುಡ್ಡು ಹೂಡಿ ದುಡ್ಡು ಗೆಲ್ಲುವ ಆಟಗಳಿಗೆ. ಇದಕ್ಕೂ ಅದಕ್ಕೂ ಸಂಬಂಧ ಇಲ್ಲ. ಧೈರ್ಯವಾಗಿರಿ.

ಈಗ ಮುಖ್ಯ ವಿಷಯ. ಸಬ್‌ಸ್ಕ್ರಿಪ್ಷನ್ ಅಂದರೆ ಬಾಡಿಗೆ ಮನೆ ಇದ್ದ ಹಾಗೆ. ಕಟ್ಟೋದು ನಿಲ್ಲಿಸಿದ ದಿನ ಗೇಮ್ ಲ್ಯಾಪ್‌ಟಾಪ್‌ನಲ್ಲೇ ಇರುತ್ತೆ, ಜಾಗವನ್ನೂ ತಿಂತಾ ಇರುತ್ತೆ, ಆದರೆ ತೆರೆಯಲ್ಲ. ಅಷ್ಟೇ ಅಲ್ಲ, ನೀವು ಸರಿಯಾಗಿ ಕಟ್ತಾ ಇದ್ದರೂ ಕೆಲವು ಗೇಮ್‌ಗಳನ್ನು ಅವರೇ ತೆಗೀತಾರೆ. 2018ರಲ್ಲಿ ಬಂದ ಫೋರ್ಜಾ ಹೊರೈಜನ್ 4 ಅನ್ನೋ ಕಾರ್ ರೇಸ್ ಮೈಕ್ರೋಸಾಫ್ಟ್‌ನದೇ ಗೇಮ್. ಅದನ್ನೂ 2024ರ ಡಿಸೆಂಬರ್ 15ಕ್ಕೆ ಗೇಮ್ ಪಾಸ್‌ನಿಂದ ತೆಗೆದರು, ಮಾರೋದನ್ನೂ ನಿಲ್ಲಿಸಿದರು. ಕಾರ್ ಕಂಪನಿಗಳ ಹೆಸರು, ಹಾಡು, ಇವುಗಳ ಲೈಸೆನ್ಸ್ ಮುಗಿದಿತ್ತು. ಮೊದಲೇ ಕೊಂಡಿದ್ದವರು ಈಗಲೂ ಡೌನ್‌ಲೋಡ್ ಮಾಡಿ ಆಡ್ತಾರೆ, ಬಾಡಿಗೆಯವರಿಗೆ ಆಗಲ್ಲ. ನನ್ನ ತಮ್ಮ ಅದರಲ್ಲಿ ಎಷ್ಟು ಕಾರ್ ಕೂಡಿಸಿದ್ದ ಅಂದರೆ ಪ್ರತಿ ಕಾರಿನ ಬಣ್ಣವನ್ನೂ ತಾನೇ ಕೂತು ಬಿಡಿಸಿದ್ದ. ಅವನ ಮುಖ ನೋಡೋಕೆ ಆಗಲಿಲ್ಲ ಅಣ್ಣಾ.

ಹಾಗಂತ ಬೇಡ ಅನ್ನಲ್ಲ. ಹುಡುಗನಿಗೆ ಯಾವ ತರಹದ ಗೇಮ್ ಇಷ್ಟ ಅಂತ ಅವನಿಗೇ ಇನ್ನೂ ಗೊತ್ತಿರಲ್ಲ. ಎರಡು ತಿಂಗಳ ರಜೆಗೆ ಹತ್ತು ಗೇಮ್ ರುಚಿ ನೋಡೋಕೆ ಇದಕ್ಕಿಂತ ಅಗ್ಗದ ದಾರಿ ಇಲ್ಲ. ಆಮೇಲೆ ಅವನು ಬಿಡದೇ ಆಡೋ ಒಂದನ್ನು ಕೊಡಿಸಿ. ಒಂದು ಎಚ್ಚರ, ಗೇಮ್ ಪಾಸ್‌ನಲ್ಲಿ ಆಡಿದ್ದನ್ನು ಆಮೇಲೆ ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಕೊಂಡರೆ ಬಹಳ ಸಲ ಮೊದಲಿಂದ ಶುರು ಮಾಡಬೇಕಾಗುತ್ತೆ, ಆಡಿದ್ದು ಅಲ್ಲಿಗೆ ಬರಲ್ಲ.

ಲ್ಯಾಪ್‌ಟಾಪ್‌ನಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡ್ ಇದೆಯಾ? ಇಲ್ಲದಿದ್ದರೆ ದೊಡ್ಡ ಗೇಮ್‌ಗಳು ಓಡೋದು ಕಷ್ಟ. ಗೇಮ್ ಪಾಸ್ ಗೇಮ್‌ಗಳು ಸಿಗೋ ಎಕ್ಸ್‌ಬಾಕ್ಸ್ ಆ್ಯಪ್‌ನಲ್ಲಿ ಬಹಳಷ್ಟು ಗೇಮ್‌ಗಳ ಪುಟದಲ್ಲೇ ನಿಮ್ಮ ಮಷೀನ್‌ನಲ್ಲಿ ಚೆನ್ನಾಗಿ ಓಡುತ್ತಾ ಅಂತ ಬರೆದಿರುತ್ತೆ. ದುಡ್ಡು ಕಟ್ಟೋ ಮೊದಲು ಅದನ್ನು ನೋಡಿ.

ಗಂಗಾವತಿ ಅಕ್ಕ
ಆಟೋಪೇ ಬಗ್ಗೆ ನಾನು ಹೇಳಲೇಬೇಕು. ಮಗಳಿಗೆ ಒಂದು ಸರ್ವಿಸ್ ಹಾಕಿಸಿದ್ದೆ. ಮೊದಲ ತಿಂಗಳು ತೀರಾ ಕಡಿಮೆ ದುಡ್ಡು, ಎರಡನೇ ತಿಂಗಳಿಂದ ಪೂರ್ತಿ ರೇಟು. ಮಗಳು ಕಾಲೇಜಿಗೆ ಹಾಸ್ಟೆಲ್‌ಗೆ ಹೋದಳು, ಲ್ಯಾಪ್‌ಟಾಪ್ ಮುಚ್ಚಿಟ್ಟಿದ್ದು ಮುಚ್ಚಿಟ್ಟಂತೆಯೇ ಇತ್ತು, ದುಡ್ಡು ಮಾತ್ರ ನಾಲ್ಕು ತಿಂಗಳು ಹೋಗ್ತಾನೇ ಇತ್ತು. ರಿಸರ್ವ್ ಬ್ಯಾಂಕ್ ನಿಯಮದಂತೆ ಕಟ್ ಆಗುವ 24 ತಾಸು ಮೊದಲು ಮೆಸೇಜ್ ಬರಬೇಕು, ಬಂದೂ ಇತ್ತು. ಹತ್ತಾರು ಮೆಸೇಜ್ ನಡುವೆ ನನ್ನ ಕಣ್ಣಿಗೆ ಬೀಳಲಿಲ್ಲ. 15,000 ರೂಪಾಯಿವರೆಗೆ ಪ್ರತಿ ಸಲ ಓಟಿಪಿ ಕೇಳಲ್ಲ, ಹಾಗಾಗಿ ಗೊತ್ತೇ ಆಗಲ್ಲ. ಹಾಕಿಸಿದ ದಿನವೇ ಅಕೌಂಟ್‌ಗೆ ಹೋಗಿ ಮುಂದಿನ ತಿಂಗಳದ್ದನ್ನು ಆಫ್ ಮಾಡಿಬಿಡಿ ತಮ್ಮಾ. ಕಟ್ಟಿದ ತಿಂಗಳು ಮುಗಿಯೋವರೆಗೆ ಸಾಮಾನ್ಯವಾಗಿ ಆಡೋಕೆ ಬಿಡ್ತಾರೆ. ಬೇಕಾದರೆ ಮತ್ತೆ ಹಾಕಿಸಿದರಾಯ್ತು.

ಬಳ್ಳಾರಿ ಪ್ಲೇಯರ್
ಡೌನ್‌ಲೋಡ್ ಲೆಕ್ಕ ನಾನು ಹೇಳ್ತೀನಿ. 40 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 5 ಎಂಬಿ. ದೊಡ್ಡ ಗೇಮ್ ಈಗ 100 ಜಿಬಿ ಇರೋದು ಮಾಮೂಲು. ಅಂದರೆ ಹೆಚ್ಚು ಕಡಿಮೆ ಐದೂವರೆ ತಾಸು, ಅದೂ ಲೈನ್ ಚೆನ್ನಾಗಿದ್ದರೆ. ರಾತ್ರಿ ಹಚ್ಚಿ ಮಲಗಿ. ಲ್ಯಾಪ್‌ಟಾಪ್ ಸ್ಲೀಪ್‌ಗೆ ಹೋಗದಂತೆ ಸೆಟ್ಟಿಂಗ್ ಬದಲಿಸೋದು ಮರೀಬೇಡಿ. ಕರೆಂಟ್ ಹೋದರೆ ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ಇರುತ್ತೆ, ನಿಲ್ಲೋದು ರೂಟರ್. ರೂಟರ್‌ಗೆ ಅಂತಲೇ ಪುಟ್ಟ ಯುಪಿಎಸ್ ಸಿಗುತ್ತೆ, ತಗೊಳ್ಳಿ. ನಿಂತರೂ ಹೆದರಬೇಡಿ, ನಿಂತ ಕಡೆಯಿಂದಲೇ ಮುಂದುವರಿಯುತ್ತೆ. ಮೊಬೈಲ್ ನೆಟ್‌ನಲ್ಲಿ ಮಾತ್ರ ಈ ಕೆಲಸಕ್ಕೆ ಕೈ ಹಾಕಬೇಡಿ, ದಿನಕ್ಕೆ 2 ಜಿಬಿ ಪ್ಯಾಕ್‌ನಲ್ಲಿ ಒಂದು ಗೇಮ್‌ಗೆ 50 ದಿನ ಬೇಕು, ರಜೆ ಅಲ್ಲಿಗೇ ಮುಗೀತು.

512 ಜಿಬಿಯಲ್ಲಿ ವಿಂಡೋಸ್, ಅಪ್‌ಡೇಟ್, ಫೋಟೋ ಎಲ್ಲಾ ಹೋಗಿ ಮೂರು ದೊಡ್ಡ ಗೇಮ್ ಹಿಡಿದರೆ ಹೆಚ್ಚು. ಇನ್ನೊಂದು, ಸ್ಟೀಮ್‌ನಲ್ಲಿ ಕೊಂಡಿದ್ದಾದರೆ ಒಂದೇ ವೈಫೈನಲ್ಲಿರೋ ಇನ್ನೊಂದು ಕಂಪ್ಯೂಟರ್‌ನಿಂದ ಫೈಲ್ ಎಳೆದುಕೊಳ್ಳಬಹುದು. ಹಾರ್ಡ್ ಡಿಸ್ಕ್‌ನಲ್ಲಿ ತಂದರೂ ನಡೆಯುತ್ತೆ, ಗೇಮ್ ನಿಮ್ಮ ಅಕೌಂಟ್‌ನಲ್ಲಿ ಇರಬೇಕು ಅಷ್ಟೇ. ನನ್ನ ಗೆಳೆಯ ಸಿರುಗುಪ್ಪದವನು, ಅವರ ಹಳ್ಳಿಯಲ್ಲಿ ಫೈಬರ್ ಇಲ್ಲ. ಬಸ್ಸಿಗೆ ಬಂದು ನನ್ನ ರೂಮಿನಲ್ಲಿ ಚಹಾ ಕುಡಿಯುತ್ತಾ 60 ಜಿಬಿ ಕಾಪಿ ಮಾಡಿಕೊಂಡು ಹೋಗ್ತಾನೆ.

ರಾಯಚೂರು ಸೇವ್ ಫೈಲ್
ಕೊಪ್ಪಳದವರು ಹೇಳಿದ್ದರಲ್ಲಿ ಒಂದು ಮಾತು ಸೇರಿಸಬೇಕು. ಕೊಂಡರೆ ನಮ್ಮದು ಅಂತ ಪೂರ್ತಿ ನಂಬಬೇಡಿ. ಯುಬಿಸಾಫ್ಟ್‌ನ ದಿ ಕ್ರೂ ಅನ್ನೋ ರೇಸ್ ಗೇಮ್ 2014ರಲ್ಲಿ ಬಂತು. 2024ರಲ್ಲಿ ಸರ್ವರ್ ನಿಲ್ಲಿಸಿದರು, ಪೂರ್ತಿ ದುಡ್ಡು ಕೊಟ್ಟು ಕೊಂಡವರಿಗೂ ಬಾಗಿಲು ಮುಚ್ಚಿತು. ಸ್ಟೀಮ್‌ನವರೂ ಈಗ ದುಡ್ಡು ಕಟ್ಟೋ ಜಾಗದಲ್ಲೇ, ನೀವು ಕೊಳ್ಳೋದು ಲೈಸೆನ್ಸ್ ಅಂತ ಬರೀತಾರೆ. ನನಗೆ ಇದು ಬಹಳ ನೋವಿನ ವಿಷಯ. ಅದಕ್ಕೇ ಹಳೇ ಗೇಮ್‌ಗಳನ್ನು ನಾನು ಜಿಒಜಿ ಅನ್ನೋ ಇನ್ನೊಂದು ಆನ್‌ಲೈನ್ ಅಂಗಡಿಯಲ್ಲಿ ಕೊಳ್ಳೋದು. ಇನ್‌ಸ್ಟಾಲ್ ಫೈಲನ್ನೇ ಕೊಡ್ತಾರೆ, ಪೆನ್‌ಡ್ರೈವ್‌ಗೆ ಹಾಕಿ ಕಪಾಟಿನಲ್ಲಿ ಇಡಬಹುದು, ನಿಮ್ಮ ಸಿಡಿ ತರಹವೇ. ಆಡೋಕೆ ನೆಟ್ ಬೇಡ.

ಕೊಳ್ಳೋದಾದರೆ ಸ್ಟೀಮ್‌ನಲ್ಲಿ 14 ದಿನದೊಳಗೆ, ಎರಡು ತಾಸಿಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಓಡದೇ ಇದ್ದರೆ ತಕ್ಷಣ ಕೇಳಿ. ಎಪಿಕ್ ಅನ್ನೋ ಆನ್‌ಲೈನ್ ಗೇಮ್ ಅಂಗಡಿಯವರು ಪ್ರತಿ ವಾರ ಗೇಮ್ ಪುಕ್ಕಟೆ ಕೊಡ್ತಾರೆ, ಗುರುವಾರ ಬದಲಾಗುತ್ತೆ. ಆ ವಾರದೊಳಗೆ ಅಕೌಂಟ್‌ಗೆ ಸೇರಿಸಿಕೊಂಡರೆ ಆಮೇಲೂ ಇರುತ್ತೆ. ಹುಡುಗನಿಗೆ ಅಲ್ಲಿಂದಲೇ ಶುರು ಮಾಡಿಸಿ.

ಸಿಂಧನೂರು ಅಂಗಡಿ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಂಗಡಿ ಮುಚ್ಚಿ ಬಂದು ಮಗನ ಜೊತೆ ಕೂತು ಎಲ್ಲಾ ಓದಿದೆ. ಗ್ರಾಫಿಕ್ಸ್ ಕಾರ್ಡ್ ಇದೆ, 4 ಜಿಬಿಯದು. ಅವನು ಲೆಕ್ಕದ ನೋಟ್‌ಬುಕ್‌ನ ಹಿಂದೆ ಬೇಕಾದ ಗೇಮ್‌ಗಳನ್ನು ಬರೆದಿಟ್ಟಿದ್ದ, ಹನ್ನೊಂದು ಇವೆ, ಎರಡಕ್ಕೆ ಮಾತ್ರ ಕೆಳಗೆ ಗೆರೆ ಎಳೆದಿದ್ದಾನೆ. ಒಂದು ತಿಂಗಳಿಗೆ ಹಾಕಿಸಿ ಆಟೋಪೇ ಆಫ್ ಮಾಡ್ತೀನಿ, ಗೆರೆ ಎಳೆದ ಎರಡರಲ್ಲಿ ಯಾವುದು ಉಳಿಯುತ್ತೋ ಅದನ್ನು ರಿಸಲ್ಟ್ ದಿನ ಕೊಡಿಸ್ತೀನಿ. ಬಳ್ಳಾರಿಯವರೇ, ಆ ರೂಟರ್ ಯುಪಿಎಸ್ 12 ವೋಲ್ಟ್‌ದೇ ತಗೋಬೇಕಾ? ನಮ್ಮ ರೂಟರ್ ಅಡಾಪ್ಟರ್ ಮೇಲೆ 12 ಅಂತಲೇ ಇದೆ.